ಸುಣ್ಣವಿಲ್ಲದ ರಣವೀಳ್ಯ

ಬನ್ನಿ ಮಕ್ಕಳೇ, ಕಾಲು ಮಡಚಿ ಕೂತ್ಕೊಳ್ಳಿ. ನಿಮ್ಮ ಕಿತ್ತಾಟ ಆಮೇಲೆ. ಈ ಕಥೆಗೆ ಒಂದು ಕಿವಿ ಸಾಲದು, ಎರಡನ್ನೂ ಕೊಡಿ.

ಒಂದು ಗುಡ್ಡದ ನಾಡಿತ್ತು. ಅಲ್ಲಿ ಮೂರು ಕೋಟೆ. ಹೊಳೆಯಾಚೆಯ ಪಾಳೆಯಗಾರನಿಗೆ ಅವುಗಳ ಮೇಲೇ ಕಣ್ಣು. ಗುಡ್ಡದವರು ಬಯಲುಸೀಮೆಯ ದೊಡ್ಡ ರಾಜನ ಮೊರೆಹೊಕ್ಕರು. ರಾಜ ದಳವಾಯಿ ಬಿಜ್ಜರಸನನ್ನು ದಂಡಿನ ಸಮೇತ ಕಳಿಸಿದ. ಏಳು ವರ್ಷ ಕಾದಾಡಿದರು. ಕೊನೆಗೆ ರಾಜನ ಓಲೆ ಬಂತು: "ಇಲ್ಲಿ ತಾಯಂದಿರು ಅತ್ತು ಅತ್ತು ಸಾಕಾದರು. ಗುಡ್ಡದವರಿಗೇ ಯುದ್ಧ ಕಲಿಸು. ಆನೆ, ಬಿಲ್ಲು ಕೊಡು. ಒಂದೊಂದೇ ಕೋಟೆ ಒಪ್ಪಿಸಿ ಬಾ."

ಒಪ್ಪಿಸುವುದೆಂದರೆ ರಣವೀಳ್ಯ ಕೊಡುವುದು. ಎಲೆ ಅಡಿಕೆ ಮೆದ್ದವನ ಬಾಯಿ ಕೆಂಪಾಯ್ತೋ, ಕೋಟೆ ಅವನ ತಲೆಗೆ. ಕೆಂಪಾಗುವ ತನಕ ಕೊಟ್ಟವನ ತಲೆಗೆ. ಅದು ಆ ಕಾಲದ ಕಟ್ಟಳೆ.

ಬಿಜ್ಜರಸನಿಗೆ ಊರು ಸೇರುವ ಆತುರ. ಆನೆ ಬಿಟ್ಟುಹೋಗಲು ಮಾತ್ರ ಹೊಟ್ಟೆಯುರಿ. ಮೊದಲನೇ ಕೋಟೆಯ ವೀಳ್ಯ ಗುಡ್ಡದವನೇ ಆದ ಹಾಲಗನಿಗೆ ಕೊಟ್ಟ. ಆದರೆ ಆನೆಯನ್ನು ತಾನೇ ಹೊಡಕೊಂಡು ಹೋದ, ಆನೆಯ ಗಂಟೆ ಮಾತ್ರ ಬಿಟ್ಟ. ಎಂಟೇ ದಿನಕ್ಕೆ ಕೋಟೆ ಬಿತ್ತು. ಎರಡನೆಯದು ಕೊಂಡಪ್ಪನಿಗೆ. ಬಿಲ್ಲು ಒಯ್ದ, ಬರೀ ಬತ್ತಳಿಕೆ ಬಿಟ್ಟ. ನಾಲ್ಕೇ ದಿನಕ್ಕೆ ಬಿತ್ತು. ರಾಜನಿಗೆ ಬರೆದ: "ನಾನು ಒಪ್ಪಿಸಿದ್ದೆ, ಅವರು ಕಳಕೊಂಡರು."

ಹಾಲಗ, ಕೊಂಡಪ್ಪ ಇಬ್ಬರೂ ಮಾಚವ್ವ ಅನ್ನುವವಳ ಒಡಹುಟ್ಟಿದವರು. ಒಬ್ಬ ತೋಳು ಮುರಿದುಕೊಂಡು ಬಂದ. ಇನ್ನೊಬ್ಬ ಶತ್ರುವಿನ ಸೆರೆಯಲ್ಲಿ. ಉಳಿದಿದ್ದು ಮೂರನೇ ಕೋಟೆ, ಅದಕ್ಕೆ ಮಾಚವ್ವನೇ ಯಜಮಾನಿ. ಒಳಗೆ ಅರವತ್ತು ಮನೆ, ತೊಟ್ಟಿಲ ಕೂಸುಗಳು. ಹೊಳೆಯಾಚೆ ಶತ್ರುವಿನ ಬಿಡಾರದಲ್ಲಿ ಬೆಳಿಗ್ಗೆ ಒಂದು ಒಲೆಯ ಹೊಗೆ ಎದ್ದಿತು, ಮಧ್ಯಾಹ್ನಕ್ಕೆ ಮೂರು, ಸಂಜೆಗೆ ಮಾಚವ್ವ ಎಣಿಸಲಾರದಷ್ಟು.

ಅಷ್ಟರಲ್ಲಿ ದಳವಾಯಿಯ ಬಂಡಿಗಳು ಹೊರಟವು. ಆನೆ ಹೋಯ್ತು. ಬಿಲ್ಲುಗಾರರು ಹೋದರು. ರಾಗಿ ಹೋಯ್ತು. ಗೋಡೆಗೆ ಬಳಿಯುವ ಸುಣ್ಣವನ್ನೂ ಕೆರೆದು ತುಂಬಿದರು. ಎಲ್ಲ ಗುಡ್ಡದ ಬುಡದಲ್ಲಿ ದಳವಾಯಿಗಾಗಿ ಕಾದು ನಿಂತವು. ಮಾಚವ್ವ ನೋಡಿದಳು, ತಡೆಯಲಿಲ್ಲ. ಮನೆಮನೆಗೆ ಹೋಗಿ ಏನೋ ಪಿಸುಗುಟ್ಟಿ ಬಂದಳು.

ಮಾರನೇ ಬೆಳಿಗ್ಗೆ, ಓಲೆ ಬರೆಯಲು ರಾಜ ಕಳಿಸಿದ್ದ ರಾಯಸದವನ ಎದುರಿಗೆ ದಳವಾಯಿ ಎಲೆ ಅಡಿಕೆ ಕೊಟ್ಟ. ಮಾಚವ್ವ ಅಗಿದಳು, ಅಗಿದಳು, ಬಾಯಿ ತೆರೆದಳು. ಹಸಿರು.

"ಸುಣ್ಣ ಎಲ್ಲಿ ಬುದ್ಧಿ?"

ದಳವಾಯಿ ಒಬ್ಬ ಮುದುಕಿಯನ್ನು ಕೇಳಿದ. "ಹಲ್ಲೇ ಇಲ್ಲ ಸ್ವಾಮಿ, ನನಗ್ಯಾಕೆ ಸುಣ್ಣ?" ಕಾವಲಿನವನನ್ನು ಕೇಳಿದ. "ನಿನ್ನೆ ನಾನೇ ನಿಮ್ಮ ಬಂಡಿಗೆ ಹೇರಿದ್ನಲ್ಲ." ಪೂಜಾರಿಯನ್ನು ಕೇಳಿದ. "ನಿಮ್ಮವರ ಕಣ್ಣಿಗೆ ಬೆಣ್ಣೆ, ನಮ್ಮ ಕಣ್ಣಿಗೆ ಸುಣ್ಣ ಅಂದ್ಕೊಂಡಿದ್ದೆ. ಈಗ ಸುಣ್ಣಕ್ಕೂ ಗತಿಯಿಲ್ಲ ನೋಡಿ."

"ನಾಳೆ ಮೆಲ್ಲುವೆಯಂತೆ, ನಾನು ಹೊರಟೆ" ಅಂದ ದಳವಾಯಿ.

"ಹೊರಡಿ. ಬಾಯಿ ಕೆಂಪಾಗಿಲ್ಲ, ಬಿದ್ದರೆ ಕೋಟೆ ನಿಮ್ಮ ತಲೆಗೆ. ಬರಕೊಳ್ಳಿ ರಾಯಸದಯ್ಯ."

ರಾಯಸದವ ಓಲೆ ಕೊರೆಯುವ ಕಂಟ ಎತ್ತಿಕೊಂಡ. ಅದೇ ಹೊತ್ತಿಗೆ ಹೊಳೆದಂಡೆಯಲ್ಲಿ ಶತ್ರುವಿನ ಡೋಲು ಕೇಳಿಸಿತು. ದಳವಾಯಿ ಬೆವತುಹೋದ. ಕುದುರೆಯವನನ್ನು ಕೂಗಿ, "ಬಂಡಿ ತಿರುಗಿಸು" ಅಂದ.

"ಸುಣ್ಣದ ಬಂಡಿ ಒಂದೇ ಸಾಕಾ ಬುದ್ಧಿ?" ಅಂದ ಕುದುರೆಯವ.

"ಎಲ್ಲ ತಾರೋ. ಮೊದಲು ಆನೆ."

ಯಾರು ಮೊದಲು ಬರ್ತಾರೋ ಅಂತ ಮಾಚವ್ವ ಬುರುಜಿನ ಮೇಲೆ ನಿಂತಳು. ಶತ್ರುಗಳು ಹೊಳೆಗಿಳಿದರು. ಸೊಂಟದ ನೀರಿಗೆ ಬಂದರು. ಆಗ ದಾರಿಯಲ್ಲಿ ಧೂಳೆದ್ದಿತು. ಆನೆಗಳು, ಹಿಂದೆ ಬಿಲ್ಲುಗಾರರು. ಹೊಸ ದಂಡೇ ಬಂತೆಂದು ಶತ್ರುಗಳು ದಿಕ್ಕಾಪಾಲಾದರು. ನೂರು ಜನ ಸೆರೆಸಿಕ್ಕರು.

ಆಮೇಲೆ ಸುಣ್ಣ ಬಂತು. ಆನೆ, ಬಿಲ್ಲು, ರಾಗಿ ಎಲ್ಲ ಕೋಟೆಗೇ ಅಂತ ರಾಯಸದವ ಬರೆದ ಮೇಲೆಯೇ ಮಾಚವ್ವ ವೀಳ್ಯ ಮೆದ್ದಳು. ಬಾಯಿ ದಾಸವಾಳದ ಹಾಗೆ ಕೆಂಪಾಯ್ತು. ಅವಳ ಪಿಸುಮಾತಿಗೆ ಮನೆಮನೆಯಲ್ಲಿ ಬಚ್ಚಿಟ್ಟಿದ್ದ ಸುಣ್ಣದ ಡಬ್ಬಿಗಳೂ ಆಮೇಲೆ ಹೊರಬಂದವು.

ತಿಳಿಯಿತಾ ಮಕ್ಕಳೇ? ಭಾರ ಹೊರಿಸುವವನು ಬಲವನ್ನೂ ಕೊಡಬೇಕು. ಬಲ ಬಾಚಿಕೊಂಡು ಭಾರ ಬಿಟ್ಟು ಓಡುವವನು ಗೆಳೆಯನಲ್ಲ.

ರಾಜ ಬಿಜ್ಜರಸನ ದಳವಾಯಿಗಿರಿ ಕಿತ್ತು ಆನೆಲಾಯ ಗುಡಿಸಲು ಹಾಕಿದ. ಬಿಲ್ಲುಗಾರರು ಒಂದು ಮಳೆಗಾಲ ಇದ್ದು, ಗುಡ್ಡದವರಿಗೆ ಬಿಲ್ಲು ಕಲಿಸಿ ತಾಯಂದಿರ ಬಳಿ ಹೋದರು. ಸೆರೆಯಾಳುಗಳ ಬದಲಿಗೆ ಕೊಂಡಪ್ಪ ಮನೆಗೆ ಬಂದ. ಹಾಲಗನ ತೋಳು ಸೊಟ್ಟಗೇ ಕೂಡಿತು, ಅವನು ಎಡಗೈಯಲ್ಲಿ ಈಟಿ ಹಿಡಿದ. ಮಾಚವ್ವ ತಲೆ ನರೆಯುವವರೆಗೂ ಕೋಟೆ ಕಾದಳು. ದಿನಾ ಹೊತ್ತು ಮೂಡಿದ ಕೂಡಲೇ ಹೊಳೆಯಾಚೆ ಒಮ್ಮೆ ನೋಡಿಯೇ ಒಲೆ ಹಚ್ಚುತ್ತಿದ್ದಳಂತೆ.