ಕೆರಾಟಿನ್ ಡಬ್ಬಿಯ ಕುರಿ

ಬರೆಯಲು ಕೂತರೆ ಮಗು ಎದ್ದುಬಿಡುತ್ತದೆ. ಇದು ಮೂರನೇ ಸಲ. ಬೇಗ ಹೇಳಿ ಮುಗಿಸುತ್ತೇನೆ.

ನಾನು ಚಳ್ಳಕೆರೆಯ ಒಂದು ಬ್ಯೂಟಿ ಪಾರ್ಲರಿನಲ್ಲಿ ಗಿರಾಕಿಗಳ ತಲೆ ತೊಳೆಯುತ್ತಿದ್ದೆ. ಮನೆಯಲ್ಲಿ ಅತ್ತೆಯ ಜೊತೆ ಕಂಬಳಿಗೆ ಉಣ್ಣೆ ನೂಲುತ್ತೇನೆ. ಮೊನ್ನೆ ವಸುಂಧರಾ ಮೇಡಂ ಕೂದಲಿಗೆ ನುಣುಪು ಬರಿಸುವ ಕೆರಾಟಿನ್ ಕ್ರೀಮು ಹಚ್ಚಿ ಮುಗಿಸಿದ್ದೆ. ಅವರು ಮೂಗು ಮುಚ್ಚಿಕೊಂಡು ಓನರ್ ಪುಷ್ಪಕ್ಕನನ್ನು ಕರೆದರು.

"ಇವಳ ಕೈಯೆಲ್ಲ ಕುರಿ ವಾಸನೆ. ಇವಳು ಇದ್ದರೆ ನಾನು ಬರೋದಿಲ್ಲ."

ನಾನು ನಲ್ಲಿ ತಿರುಗಿಸಿದೆ. "ತಲೆ ಬಗ್ಗಿಸಿ ಮೇಡಂ, ಕ್ರೀಮು ತೊಳೆದುಬಿಡ್ತೀನಿ."

"ಯಾಕೆ? ಇನ್ನೂ ಅರ್ಧ ಗಂಟೆ ಇರಬೇಕಲ್ವಾ?"

"ಡಬ್ಬಿ ಮೇಲೆ ಬರೆದಿದೆ ನೋಡಿ. ಈ ಕೆರಾಟಿನ್ ಕುರಿ ಉಣ್ಣೆಯಿಂದ ತೆಗೆದದ್ದಂತೆ. ನಿಮಗೆ ಕುರಿ ಆಗಲ್ಲವಲ್ಲ."

ಹತ್ತನೇ ಕ್ಲಾಸಿನ ಇಂಗ್ಲಿಷು ಅಷ್ಟಕ್ಕೆ ಸಾಕಾಗಿತ್ತು. ಮೇಡಂ ಡಬ್ಬಿಯನ್ನು ಎರಡು ಸಲ ಓದಿದರು. ಮೂಗಿನಿಂದ ಕೈ ತೆಗೆದರು.

"ಇರಲಿ ಬಿಡು. ಕೂದಲು ನುಣುಪಾಗುತ್ತಲ್ಲ."

ಪುಷ್ಪಕ್ಕ ನಗು ತಡೆಯಲಾಗದೆ ಒಳಗೆ ಓಡಿದಳು. ಸಂಜೆ ಅವಳೇ ಹೇಳಿದಳು: "ನಾಳೆಯಿಂದ ಬರಬೇಡ ಕಣೇ. ಅವರು ಮುನಿಸಿಕೊಂಡರೆ ಅವರ ಬಳಗದವರು ಯಾರೂ ಇತ್ತ ತಲೆ ಹಾಕಲ್ಲ."

ಮನೆಗೆ ಬಂದು ಹೇಳಿದಾಗ ಅತ್ತೆ ಎಲ್ಲ ಕೇಳಿಸಿಕೊಂಡರು. ನೂಲು ಪಕ್ಕಕ್ಕಿಟ್ಟು ಒಂದೇ ಮಾತು ಕೇಳಿದರು.

"ಅವಳ ತಲೆಗೆ ಹಚ್ಚಿದ ಉಣ್ಣೆ ನಾರಲಿಲ್ಲ. ನಿನ್ನ ಕೈ ಮಾತ್ರ ಹೇಗೆ ನಾರಿತು?"