ತಿಪ್ಪೇಶಿ ಎಳೆದ ತಂತಿ

ಪೆದ್ದರು ಊರಿಗೊಬ್ಬರಾದರೂ ಇರುತ್ತಾರೆ. ನಿಮ್ಮೂರಲ್ಲಿ ಇಲ್ಲ ಅನ್ನುತ್ತೀರಾದರೆ ಇರಲಿ, ನಾನು ಹೆಸರು ಕೇಳುವುದಿಲ್ಲ. ನಮ್ಮ ಗೋಣಿಹಾಳಿನವನ ಹೆಸರು ತಿಪ್ಪೇಶಿ. ಆಳು ದೊಡ್ಡವನು, ಮೀಸೆ ಇನ್ನೂ ದೊಡ್ಡದು. ಹಾಲು ಉಕ್ಕುತ್ತಾ ನೋಡು ಎಂದರೆ, ಉಕ್ಕಿ, ಒಲೆ ಆರಿ, ಪಾತ್ರೆ ಸೀದು ಹೋಗುವವರೆಗೂ ನೋಡುತ್ತಾ ನಿಲ್ಲುವವನು. ಅವನ ತಾಯಿ ಹಾಲಮ್ಮ ಹಣೆ ಚಚ್ಚಿಕೊಂಡು ಚಚ್ಚಿಕೊಂಡು ಕುಂಕುಮ ಇಡುವ ಜಾಗವೇ ಸವೆದುಹೋಗಿದೆ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಅವಳ ಗಂಡ ಕೊಟ್ರಪ್ಪ ಸತ್ತಮೇಲೆ ಆ ತಮಾಷೆ ಬಿಟ್ಟೆವು.

ಕೊಟ್ರಪ್ಪ ಯಾರೆಂದರೆ, ನಮ್ಮೂರ ರೇಡಿಯೊದ ದನಿ. ನೇಕಾರರ ಸಂಘದ ಹಳೇ ಕಟ್ಟಡದಲ್ಲಿ ನಮ್ಮದೇ ಒಂದು ಪುಟ್ಟ ರೇಡಿಯೊ ಕೇಂದ್ರವಿದೆ. ಅಲ್ಲಿ ಕೂತು ಅವನು ದಿನಾ ಮಾತಾಡುತ್ತಿದ್ದ. ಮಾತು ಗಾಳಿಗೆ ಹೋಗುತ್ತಿತ್ತು, ಯಾರೂ ಹಿಡಿದಿಡಲಿಲ್ಲ. ಉಳಿದದ್ದು ಒಂದೇ ತುಣುಕು. ಕೇಂದ್ರದ ಸರ್ವರ್ ಎಂಬ ಯಂತ್ರವನ್ನು ಬೆಳಿಗ್ಗೆ ಚಾಲೂ ಮಾಡಿದರೆ ಅದು ಎದ್ದು ಕೂರುವಾಗ ಕೊಟ್ರಪ್ಪನ ದನಿಯಲ್ಲೇ, "ಬಂದೆ ನೋಡ್ರಪ್ಪಾ, ಬಾಗಿಲು ತೆಗೀರಿ" ಎನ್ನುತ್ತಿತ್ತು. ಯಾರೋ ಚೇಷ್ಟೆಗೆ ಅದನ್ನು ಅಲ್ಲಿ ಕೂರಿಸಿದ್ದರು. ಕೇಂದ್ರದ ಕಸ ಗುಡಿಸುವ ಹಾಲಮ್ಮ ದಿನಾ ಬೆಳಗಾಗುತ್ತಲೇ ಬಂದು ಆ ಗುಂಡಿ ಒತ್ತುತ್ತಿದ್ದಳು. ದನಿ ಕೇಳಿದ ಮೇಲೇ ಪೊರಕೆ ಹಿಡಿಯುತ್ತಿದ್ದಳು. ಅವಳಿಗೆ ಗಂಡನ ದನಿಯೆಂದು ಉಳಿದಿದ್ದು ಅಷ್ಟೇ.

ಯಂತ್ರದ ಹೊಟ್ಟೆಯೊಳಗೆ ಎಲ್ಲವನ್ನೂ ನೆನಪಿಟ್ಟುಕೊಳ್ಳುವ ಡಿಸ್ಕು ಮುದಿಯಾಗಿ ಕಿರಗುಟ್ಟತೊಡಗಿತು. ತಾಲ್ಲೂಕಿನಿಂದ ಶಮೀನಾ ಎಂಬ ಹುಡುಗಿ ರಿಪೇರಿಗೆ ಬಂದಳು. ಇನ್ನು ಮೇಲೆ ಈ ಯಂತ್ರ ತನ್ನ ಹೊಟ್ಟೆಯ ಡಿಸ್ಕಿನಿಂದ ಏಳುವುದು ಬೇಡ, ಪಕ್ಕದ ಕೋಣೆಯಲ್ಲಿ ಗಟ್ಟಿಮುಟ್ಟಾದ ಸ್ಟೋರೇಜ್ ಪೆಟ್ಟಿಗೆ ಇಡೋಣ, ಏಳಲು ಬೇಕಾದದ್ದೆಲ್ಲ ಅಲ್ಲಿಂದ ತಂತಿಯ ಮೇಲೆ ಬರಲಿ ಎಂದಳು. ಅವರ ದನಿಯೂ ಆ ಪೆಟ್ಟಿಗೆಗೆ ಬರುತ್ತದೇನಮ್ಮ ಎಂದು ಹಾಲಮ್ಮ ಕೇಳಿದಳು. ಎಲ್ಲಾ ನಕಲಾಗುತ್ತೆ, ಹೆದರಬೇಡಿ ಎಂದಳು ಶಮೀನಾ.

ಸಾಮಾನು ಹೊರಲು ಬಂದಿದ್ದ ತಿಪ್ಪೇಶಿಗೆ ಇದೆಲ್ಲ ಯಾಕೆಂದು ತಿಳಿಯಲಿಲ್ಲ. ಕೇಳಿದ. ಹತ್ತಿರ ಇಟ್ಟುಕೊಂಡದ್ದು ಒಂದು ದಿನ ಕೆಡುತ್ತದೆ, ದೂರದ ಭದ್ರ ಜಾಗದಲ್ಲಿಟ್ಟು ಬೇಕಾದಾಗ ತರಿಸಿಕೊಳ್ಳಬೇಕು ಎಂದು ಶಮೀನಾ ಹೇಳಿದಳು.

ಹೌದಲ್ಲ ಎಂದುಕೊಂಡ ತಿಪ್ಪೇಶಿ. ಮನೆಗೆ ಹೋದವನೇ ಹಿಟ್ಟು, ಉಪ್ಪು, ಖಾರದಪುಡಿ, ಎಣ್ಣೆ ಎಲ್ಲವನ್ನೂ ಹೊತ್ತು ಹಿಂದಿನ ಬೀದಿಯ ಗೌರಕ್ಕನ ಅಟ್ಟದ ಮೇಲೆ ಇಟ್ಟ. ಹಾಲಮ್ಮ ಹಂಚು ಕಾಯಿಸಿ ಕೂತರೆ ಹಿಟ್ಟಿಲ್ಲ. ತಿಪ್ಪೇಶಿ ಓಡಿ ಹೋಗಿ ಒಂದು ಬೊಗಸೆ ತಂದ. ಉಪ್ಪಿಲ್ಲ. ಓಡಿ ಹೋಗಿ ಒಂದು ಚಿಟಿಕೆ ತಂದ. ಹೀಗೆ ಓಡಿ ಓಡಿ ಒಂದು ರೊಟ್ಟಿ ಆಗುವಷ್ಟರಲ್ಲಿ ಸೌದೆಯೆಲ್ಲ ಉರಿದು ಹೋಯಿತು. ಎದ್ದ ಕೂಡಲೇ ಬೇಕಾಗೋ ಸಾಮಾನು ಕೈಗೆ ಸಿಗೋ ಹಾಗೆ ಪಕ್ಕದಲ್ಲೇ ಇಡಬೇಕೋ ಪೆದ್ದಪ್ಪ ಎಂದು ಹಾಲಮ್ಮ ಬೈದಳು.

ಆಗಲಿ ಎಂದ ತಿಪ್ಪೇಶಿ. ಮಾರನೇ ದಿನ ಶಮೀನಾ ಬಂದು ನೋಡುತ್ತಾಳೆ, ಸರ್ವರಿನ ಪಕ್ಕದಲ್ಲಿ ಒಂದು ತಂಬಿಗೆ ನೀರು, ಹಲ್ಲುಪುಡಿ, ಟವೆಲು! ಚಹಾದ ಲೋಟ ಯಂತ್ರದ ತಲೆಯ ಮೇಲೇ ಇದೆ. ಇನ್ನೂ ಎದ್ದಿಲ್ಲ ಮೇಡಂ, ಚಹಾ ಆರಿಹೋಗ್ತದೆ ಅಂತ ಮುಚ್ಚಿಟ್ಟೀನಿ ಎಂದ. ಶಮೀನಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇದಕ್ಕೆ ಇದೇನೂ ಬೇಡ ಮಾರಾಯ, ಎದ್ದಾಗ ಮೊದಲು ಯಾವುದರ ಮುಖ ನೋಡಬೇಕು, ಡಿಸ್ಕಿನದೋ ಪೆಟ್ಟಿಗೆಯದೋ ಅಂತ ಗೊತ್ತು ಮಾಡಿಟ್ಟರೆ ಸಾಕು, ಹಳೇದು ಕಣ್ಣಿಗೆ ಬಿದ್ದರೆ ಅದರ ಹಿಂದೆಯೇ ಹೋಗಿಬಿಡುತ್ತೆ, ಅದಕ್ಕೇ ಹಳೇದನ್ನು ಮರೆ ಮಾಡೋದು ಎಂದು ಹೇಳಿದಳು.

ಇದು ತಿಪ್ಪೇಶಿಗೆ ಚೆನ್ನಾಗಿ ಅರ್ಥವಾಯಿತು. ಎದ್ದಾಗ ಯಾರ ಮುಖ ನೋಡುತ್ತೇವೆ ಎಂಬುದು ನಮ್ಮ ಕಡೆ ಸಣ್ಣ ವಿಷಯವಲ್ಲ, ಇಡೀ ದಿನ ಅದರ ಮೇಲೇ ನಿಂತಿರುತ್ತದೆ. ಹಾಲಮ್ಮ ದಿನಾ ಎದ್ದು ನೋಡುತ್ತಿದ್ದುದು ಗಂಡನ ಫೋಟೊ. ಮರುದಿನ ಅವಳು ಕಣ್ಣು ಬಿಟ್ಟರೆ ಮೊಳೆ ಖಾಲಿ. ಫೋಟೊ ಗೋಡೆಗೆ ಮುಖ ಮಾಡಿ ಮೂಲೆಯಲ್ಲಿ ನಿಂತಿದೆ. ಮೊಳೆಯ ಕೆಳಗೆ ತಿಪ್ಪೇಶಿ ತಲೆ ಬಾಚಿಕೊಂಡು, ವಿಭೂತಿ ಹಚ್ಚಿಕೊಂಡು ಕೂತಿದ್ದಾನೆ.

"ನನ್ನ ನೋಡಬೇ," ಎಂದ. "ಹಳೇದು ಕಂಡ್ರೆ ನೀ ಅದರ ಹಿಂದೇ ಹೋಗಿಬಿಡ್ತಿ."

ಹಾಲಮ್ಮ ಬೈಯಲು ಬಾಯಿ ತೆರೆದವಳು ಅತ್ತುಬಿಟ್ಟಳು. ಹೋಗಬೇಕು ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿದ್ದು ನಿಜ. ಈ ಪೆದ್ದನನ್ನು ಯಾರಿಗೆ ಒಪ್ಪಿಸಿ ಹೋಗುವುದು ಎಂದು ಉಳಿದಿದ್ದಳು. ಫೋಟೊ ತಂದು ಸೆರಗಿನಲ್ಲಿ ಒರೆಸಿ ಎದೆಗೆ ಒತ್ತಿಕೊಂಡು, "ಹಳೇದನ್ನ ಹಿಂಗ ಅವಚಿ ಹಿಡ್ಕಾಬೇಕಪ್ಪಾ, ಯಾರ ಕೈಗೂ ಬಿಡಬಾರದು," ಎಂದಳು.

ಆ ಮಾತು ಹೇಳಬಾರದಿತ್ತು. ಹೇಳಿದಳು.

ಅವತ್ತೇ ನಕಲು ನಡೆಯುತ್ತಿತ್ತು. ಡಿಸ್ಕಿನಲ್ಲಿದ್ದದ್ದು ಒಂದೊಂದಾಗಿ ತಂತಿಯ ಮೇಲೆ ಪಕ್ಕದ ಕೋಣೆಯ ಪೆಟ್ಟಿಗೆಗೆ ಹೋಗುತ್ತಿತ್ತು. ಶಮೀನಾ ಊಟಕ್ಕೆ ಹೋದಳು. ಬಂದು ನೋಡಿದರೆ ತಿಪ್ಪೇಶಿ ತಿರುಗುತ್ತಿದ್ದ ಡಿಸ್ಕನ್ನೇ ಕಿತ್ತು, ಎದೆಗೆ ಅವಚಿಕೊಂಡು, ಮೂಲೆಯಲ್ಲಿ ಕೂತಿದ್ದಾನೆ. ಕೊಡು ಎಂದರೆ ಕೊಡ. ಓಡಿದ. ಹೊಸ್ತಿಲು ಎಡವಿದ. ಅಷ್ಟು ಭಾರದ ಆಳು ಆ ಮುದಿ ಡಿಸ್ಕಿನ ಮೇಲೇ ಬಿದ್ದ.

ಯಂತ್ರವೇನೋ ಎದ್ದಿತು. ಅದು ಏಳಲು ಬೇಕಾದದ್ದೆಲ್ಲ ಮೊದಲೇ ಪೆಟ್ಟಿಗೆ ಸೇರಿತ್ತು. ಆದರೆ ಮೂಕವಾಗಿ ಎದ್ದಿತು. ಕೊಟ್ರಪ್ಪನ ತುಣುಕಿನ ಸರದಿ ಇನ್ನೂ ಬಂದಿರಲಿಲ್ಲ. ಒಡೆದ ಡಿಸ್ಕನ್ನು ಶಮೀನಾ ಸಂಜೆಯವರೆಗೂ ತಿರುವಿ ನೋಡಿ ಕೈಚೆಲ್ಲಿದಳು.

ಹಾಲಮ್ಮ ಮಗನನ್ನು ಬೈಯಲಿಲ್ಲ. ಮರುದಿನ ಗುಂಡಿ ಒತ್ತಿದಳು, ಸ್ವಲ್ಪ ಹೊತ್ತು ಕಾದಳು, ಪೊರಕೆ ಹಿಡಿದಳು. ಅದರ ಮರುದಿನವೂ ಹಾಗೇ. ಬೈಗುಳವಿಲ್ಲದೆ ತಿಪ್ಪೇಶಿಗೆ ದಿಕ್ಕೇ ತಪ್ಪಿತು. ಏನು ಮಾಡಬೇಕೆಂದು ಯಾರೂ ಹೇಳುತ್ತಿಲ್ಲವಲ್ಲ. ಕಡೆಗೆ ಶಮೀನಾಗೆ ಫೋನ್ ಹಚ್ಚಿ, ಹೊಟ್ಟೆಯಲ್ಲಿ ಡಿಸ್ಕೇ ಇಲ್ಲದೆ ಯಂತ್ರ ಹೇಗೆ ಏಳುತ್ತದೆ ಎಂದು ಕೇಳಿದ. ಅವಳು ಪಾಪ ಬೇಸರದಲ್ಲಿದ್ದಳು.

"ಇಲ್ಲಿ ಇಲ್ಲದ್ದು, ಎಲ್ಲಿ ಇಟ್ಟಿದೀವೋ ಅಲ್ಲಿಂದ ಬರುತ್ತೆ ತಿಪ್ಪೇಶಿ," ಎಂದಳು. "ಇಟ್ಟ ಜಾಗ ಗೊತ್ತಿರಬೇಕು. ಅಲ್ಲಿಗೆ ತಂತಿ ಸೇರಿರಬೇಕು. ಈ ಕಡೆಯವರು ಮೊದಲು ಕೇಳಬೇಕು. ಅಷ್ಟೇ."

ಅಪ್ಪನನ್ನು ಇಟ್ಟ ಜಾಗ ತಿಪ್ಪೇಶಿಗೆ ಗೊತ್ತಿತ್ತು. ಮಣ್ಣು ಹಾಕಿದ್ದೇ ಅವನು.

ಬೆಳಿಗ್ಗೆ ಊರ ರೇಡಿಯೊಗಳೆಲ್ಲ ಗುಸುಗುಟ್ಟತೊಡಗಿದವು. ಜನ ತಿರುಗಿಸಿದರು, ಕುಟ್ಟಿದರು, ಬರೀ ಗುಸುಗುಸು. ಹಾಲಮ್ಮ ಕೇಂದ್ರಕ್ಕೆ ಬಂದರೆ ಯಂತ್ರ ಏಳಲೊಲ್ಲದು. ಅದಕ್ಕೂ ಪೆಟ್ಟಿಗೆಗೂ ನಡುವೆ ಇದ್ದ ತಂತಿಯೇ ಇಲ್ಲ. ಬೇರೊಂದು ತಂತಿ ಕಿಟಕಿಯಿಂದ ಹೊರಬಿದ್ದು ಬೀದಿಗುಂಟ ಹೋಗುತ್ತಿದೆ. ಅವಳು ಪೊರಕೆ ಸಮೇತ ಅದರ ಹಿಂದೆ ಹೊರಟಳು. ತಂತಿ ಗಿರಣಿ ದಾಟಿತು, ಕೆರೆಯ ಏರಿ ಹತ್ತಿತು, ಇಳಿದು ಹೊಲಕ್ಕೆ ಹೋಯಿತು. ಅಲ್ಲಿ ಕೊಟ್ರಪ್ಪನ ಸಮಾಧಿ. ಕೇಂದ್ರದಲ್ಲಿದ್ದ ತಂತಿಯ ಸುರುಳಿ ಸಾಲದೆ ಹೋದದ್ದಕ್ಕೆ ಯಂತ್ರದ ತಂತಿಯನ್ನೂ ಕಿತ್ತು ತಂದು ಗಂಟು ಹಾಕಿ, ತುದಿಯನ್ನು ಮಣ್ಣಿಗೆ ಚುಚ್ಚಿ, ತಿಪ್ಪೇಶಿ ಕುಕ್ಕರಗಾಲಲ್ಲಿ ಕೂತಿದ್ದ.

ಹಾಲಮ್ಮ ಪೊರಕೆ ಎತ್ತಿದಳು.

"ತಂತಿ ಸೇರಿಸೀನಬೇ," ಎಂದ ತಿಪ್ಪೇಶಿ. "ಈ ಕಡಿಯೋರು ಮೊದಲು ಕೇಳಬೇಕಂತ. ನಾ ಕೇಳಿದ್ರ ಬರವಲ್ಲದು. ನೀನ ಕೇಳು."

ಎತ್ತಿದ ಪೊರಕೆ ಹಾಗೇ ನಿಂತಿತು. ಹಾಲಮ್ಮ ಹಿಂದೆ ಮುಂದೆ ನೋಡಿದಳು. ಹೊಲದಲ್ಲಿ ಯಾರೂ ಇರಲಿಲ್ಲ. ಪೊರಕೆ ಕೆಳಗಿಟ್ಟು, ಸೆರಗು ಹೊದ್ದು, ಮಗನ ಪಕ್ಕದಲ್ಲಿ ಕೂತಳು. ಗಂಡ ಬದುಕಿದ್ದಾಗಲೂ ಅವಳು ಅವನ ಹೆಸರು ಹಿಡಿದು ಕರೆದವಳಲ್ಲ. ತಂತಿಯನ್ನು ಬಾಯಿಯ ಹತ್ತಿರ ತಂದು ಮೆಲ್ಲಗೆ ಕೇಳಿದಳು.

"ಉಂಡ್ರೇನ್ರೀ?"

ಅಷ್ಟರಲ್ಲಿ ತಿಪ್ಪೇಶಿಯ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಆ ಕಡೆ ಶಮೀನಾ, ರೇಡಿಯೊ ನಿಂತಿದೆಯಂತೆ, ತಂತಿ ಎಲ್ಲಿ, ಈಗಲೇ ತಂದು ಹಾಕು ಎನ್ನುತ್ತಿದ್ದಳು.

ತಿಪ್ಪೇಶಿ ಫೋನಿಗೆ ಅಂಗೈ ಮರೆ ಮಾಡಿಕೊಂಡು ಪಿಸುಗುಟ್ಟಿದ.

"ಸ್ವಲ್ಪ ತಡೀರಿ ಮೇಡಂ. ಅವ್ವ ಮಾತಾಡಾಕತ್ತಾಳ."