ಹೊಳೆಯಾಚೆಯಿಂದ ಬಂದ ವೀಳ್ಯ

“ಗುರುಗಳೇ, ರಾಜ್ಯದ ಕಾನೂನು ಸಣ್ಣವನ ಪರವಾಗಿದ್ದಾಗಲೂ ಸಣ್ಣವನು ಸೋಲುವುದೇಕೆ?” ಎಂದು ಚಂದ್ರಮೌಳಿ ಕೇಳಿದ.

ಅವನ ಓದು ಮುಗಿದಿತ್ತು. ಕಾನೂನು ಬರೆಯುವವರ ಜೊತೆ ಕೆಲಸಕ್ಕೆ ಅರಮನೆಯಿಂದ ಕರೆ ಬಂದಿತ್ತು. ಸರಿಯಾದ ಕಾನೂನೊಂದನ್ನು ಬರೆದುಬಿಟ್ಟರೆ ಲೋಕದ ಅರ್ಧ ಕಣ್ಣೀರು ನಿಲ್ಲುತ್ತದೆ ಎಂದು ಅವನು ನಂಬಿದ್ದ. ನಂಬುವ ವಯಸ್ಸು ಅದು. ಗುರುಗಳು ನಗಲಿಲ್ಲ, ಕತೆ ಹೇಳಿದರು.

ಹೊಳೆಯ ಈಚೆ ದಡದ ಪೇಟೆಯಲ್ಲಿ ಒಬ್ಬ ಮಿಠಾಯಿಗಾರನಿದ್ದ. ತಂದೆಯಿಂದ ಕಲಿತ ಕೈ. ಪಾಕ ಹದಕ್ಕೆ ಬಂದದ್ದು ಅವನಿಗೆ ವಾಸನೆಯಲ್ಲೇ ತಿಳಿಯುತ್ತಿತ್ತು. ಆದರೆ ಅವನ ಹೆಸರು ಆ ಬೀದಿಯನ್ನು ದಾಟಿರಲಿಲ್ಲ. ಆಚೆ ದಡ ಬೇರೆ ರಾಜನದು. ಅಲ್ಲಿ ಒಬ್ಬ ವರ್ತಕನಿದ್ದ. ಅವನ ಹೆಸರಿನ ಮಿಠಾಯಿ ಎಂದರೆ ಊರೂರಿನ ಜನ ಮುಗಿಬೀಳುತ್ತಿದ್ದರು.

ವರ್ತಕ ಒಂದು ದಿನ ಬಂದು ಹೇಳಿದ: “ನಿನ್ನ ಅಂಗಡಿಗೆ ನನ್ನ ಹೆಸರು ಹಾಕಿಕೋ. ಈ ಪೇಟೆಯಲ್ಲಿ ನಿನ್ನನ್ನು ಬಿಟ್ಟು ಬೇರೆ ಯಾರಿಗೂ ಆ ಹೆಸರು ಕೊಡುವುದಿಲ್ಲ.”

ಒಪ್ಪಂದ ಬರೆಸಿದರು. ತುಪ್ಪವನ್ನು ವರ್ತಕನಲ್ಲೇ ಕೊಳ್ಳಬೇಕು. ಮುಂದೆ ಬೇರೆಯಾದರೆ ಮಿಠಾಯಿಗಾರ ತನ್ನ ಊರಿನಲ್ಲಿ ಮತ್ತೆ ಜನರಿಗಾಗಿ ಮಿಠಾಯಿ ಮಾಡಬಾರದು. ವ್ಯಾಜ್ಯ ಬಂದರೆ ಆಚೆ ದಡದ ಮೂವರು ಹಿರಿಯರ ಪಂಚಾಯಿತಿಯೇ ತೀರ್ಮಾನಿಸಬೇಕು.

ಈ ಕೊನೆಯ ಮಾತು ಕೇಳಿ ಹೆಂಡತಿ ತಡೆದಳು. ಮಿಠಾಯಿಗಾರ ನಕ್ಕ. ಈಚೆ ದಡದ ರಾಜ ಇಂಥ ಒಪ್ಪಂದಗಳನ್ನು ಮೊದಲೇ ಕಂಡಿದ್ದ. ಹೊರಗಿನವರ ಹೆಸರಿನಲ್ಲಿ ತನ್ನ ನಾಡಿನವನು ಅಂಗಡಿ ಇಟ್ಟರೆ ಅವರ ವ್ಯಾಜ್ಯ ತನ್ನ ನಾಡಿನಲ್ಲೇ ನಡೆಯಬೇಕು, ಒಪ್ಪಂದದಲ್ಲಿ ಏನೇ ಬರೆದಿರಲಿ, ಅವನನ್ನು ಬಲವಂತವಾಗಿ ಹೊಳೆ ದಾಟಿಸುವ ಹಾಗಿಲ್ಲ ಎಂದು ಕಾನೂನು ಮಾಡಿದ್ದ. ಮಿಠಾಯಿಗಾರನಿಗೆ ಅದು ಬಾಯಿಪಾಠವಾಗಿತ್ತು. ಆಚೆಯವನು ಬೇಕಾದ್ದು ಬರೆದುಕೊಳ್ಳಲಿ, ನಮ್ಮ ರಾಜ ಇದ್ದಾನೆ ಎಂದು ಧೈರ್ಯವಾಗಿ ರುಜು ಹಾಕಿದ.

ಕೆಲವು ವರ್ಷ ಎಲ್ಲವೂ ಚೆನ್ನಾಗಿ ನಡೆಯಿತು. ವರ್ತಕ ಬಂದಾಗಲೆಲ್ಲ ಊಟ ಮಿಠಾಯಿಗಾರನ ಮನೆಯಲ್ಲೇ. ಬಂದವರ ಮುಖ ಸಪ್ಪಗಾದರೆ ಮಿಠಾಯಿಗಾರನಿಗೆ ಅನ್ನ ಸೇರುತ್ತಿರಲಿಲ್ಲ. ಆಮೇಲೆ ವರ್ತಕ ಅದೇ ಪೇಟೆಯ ಇನ್ನೊಂದು ತುದಿಯಲ್ಲಿ ತನ್ನ ಹೆಸರಿನ ಎರಡನೆಯ ಅಂಗಡಿ ತೆರೆಸಿದ. ಕೊಟ್ಟ ಮಾತು ಗಾಳಿಗೆ ಹೋಯಿತು.

ಮಿಠಾಯಿಗಾರ ಉರಿದುಹೋದ. ಹೆಸರಿನ ಫಲಕ ಇಳಿಸಿದ, ತುಪ್ಪ ತರಿಸುವುದನ್ನು ನಿಲ್ಲಿಸಿದ, ತನ್ನ ತಂದೆಯ ಹೆಸರಿನಲ್ಲಿ ಒಲೆ ಹೊತ್ತಿಸಿದ. ತಮ್ಮ ನಾಡಿನ ನ್ಯಾಯಸ್ಥಾನಕ್ಕೇ ದೂರು ಕೊಡುವುದೆಂದು ಗಂಡ ಹೆಂಡತಿ ನಿಶ್ಚಯಿಸಿದರು. ಬಾಯಲ್ಲಿ ಆಡಿದ ಮಾತಿಗೂ ಅಲ್ಲಿ ಬೆಲೆಯಿತ್ತು, ದೂರು ಕೊಟ್ಟಿದ್ದರೆ ಗೆಲ್ಲುತ್ತಿದ್ದರು.

ಆದರೆ ಕಾನೂನು ಚಾಪೆಯ ಕೆಳಗೆ ತೂರಿದರೆ ವರ್ತಕ ರಂಗೋಲಿಯ ಕೆಳಗೆ ತೂರುವವನು. ಅವನು ಬೆದರಿಸಲಿಲ್ಲ. ಹಿರಿಯರ ಪರವಾಗಿ ವೀಳ್ಯ ಹಿಡಿದು ತಾನೇ ಮನೆಗೆ ಬಂದ.

“ಒಂದೇ ಪಂಕ್ತಿಯಲ್ಲಿ ಉಂಡವರು ನಾವು, ಅಣ್ಣಾ. ನಿನ್ನ ನೋವನ್ನು ಹಿರಿಯರ ಮುಂದೆ ಒಮ್ಮೆ ಹೇಳಿಕೋ. ನಿನ್ನ ಬಾಯಿಂದಲೇ ಕೇಳಬೇಕೆಂದು ಕಾದಿದ್ದಾರೆ.”

“ತಗೋಬೇಡಿ” ಎಂದು ಹೆಂಡತಿ ಒಳಗಿನಿಂದಲೇ ಹೇಳಿದಳು. ಬಾಗಿಲಿಗೆ ಬಂದ ವೀಳ್ಯವನ್ನು ಹಿಂದಕ್ಕೆ ಕಳಿಸುವುದು ಮಿಠಾಯಿಗಾರನ ಮನೆತನದಲ್ಲಿ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಪಾಪ, ತನ್ನ ನೋವನ್ನು ಯಾರಾದರೂ ಕೇಳಲಿ ಎಂದು ಅವನ ಜೀವ ಹಂಬಲಿಸುತ್ತಿತ್ತು. ನನ್ನ ವ್ಯಾಜ್ಯ ತೀರ್ಮಾನಿಸುವವರು ನೀವಲ್ಲ ಎಂದು ಮೊದಲೇ ಹೇಳಿಬಿಟ್ಟರಾಯಿತು ಎಂದುಕೊಂಡು ಹೊಳೆ ದಾಟಿದ.

ಹಿರಿಯರು ಎದ್ದು ಬರಮಾಡಿಕೊಂಡರು. ಕುಡಿಯಲು ನೀರು ಕೊಟ್ಟು “ಹೇಳಪ್ಪಾ” ಎಂದರು. ಅಷ್ಟಕ್ಕೇ ಅವನು ಕರಗಿಹೋದ. ಮೊದಲು ಹೇಳಬೇಕೆಂದಿದ್ದ ಮಾತು ಮರೆತೇ ಹೋಯಿತು. ತಂದೆಯ ಕಾಲದಿಂದ ಹಿಡಿದು ಎಲ್ಲವನ್ನೂ ಹೇಳಿದ, ಅತ್ತ, ಕೊನೆಗೆ ನೀವೇ ನ್ಯಾಯ ಹೇಳಿ ಎಂದು ಕೈಮುಗಿದ.

ಹಿರಿಯರು ಕೆಟ್ಟವರಾಗಿರಲಿಲ್ಲ. ಆದರೆ ಜೀವಮಾನವೆಲ್ಲ ವರ್ತಕರ ವ್ಯಾಜ್ಯಗಳನ್ನೇ ಕೇಳಿ ಪಳಗಿದವರು, ಬರೆದದ್ದನ್ನಷ್ಟೇ ನೋಡುತ್ತಿದ್ದರು. ಪೇಟೆಗೆ ಒಂದೇ ಅಂಗಡಿ ಎಂಬುದು ಬಾಯಲ್ಲಿ ಆಡಿದ ಮಾತು. ಬೇರೆಯಾದರೆ ಮಿಠಾಯಿ ಮಾಡಬಾರದು ಎಂಬುದು ಬರೆದ ಮಾತು. ಇನ್ನು ಮುಂದೆ ಆ ಊರಿನಲ್ಲಿ ಅವನು ಮಿಠಾಯಿ ಮಾಡಿ ಮಾರಲೂ ಬಾರದು, ನಾಲ್ವರಿಗೆ ಹಂಚಲೂ ಬಾರದು ಎಂದು ತೀರ್ಪು ಕೊಟ್ಟರು.

ಅವನು ಓಡಿಬಂದು ತನ್ನ ನಾಡಿನ ನ್ಯಾಯಾಧಿಕಾರಿಯ ಕಾಲಿಗೆ ಬಿದ್ದ. “ಒಡೆಯಾ, ನನ್ನನ್ನು ಹೊಳೆ ದಾಟಿಸುವ ಹಾಗಿಲ್ಲ ಅಂತ ಕಾನೂನಿದೆಯಲ್ಲ!”

ನ್ಯಾಯಾಧಿಕಾರಿ ಅವನನ್ನು ಹಿಡಿದೆತ್ತಿದ. “ನಿನ್ನನ್ನು ಯಾರೂ ದಾಟಿಸಲಿಲ್ಲವಪ್ಪಾ, ನೀನೇ ದಾಟಿದೆ. ಹೋಗದೆ ಇರುವ ಹಕ್ಕನ್ನು ಕಾನೂನು ನಿನಗೆ ಕೊಟ್ಟಿತ್ತು. ಹೋಗಿ, ವೀಳ್ಯಕ್ಕೆ ಓಗೊಟ್ಟು, ನ್ಯಾಯ ಬೇಡಿ ಬಂದವನಿಗೆ ಕೊಡಲು ಅದರ ಬಳಿ ಏನೂ ಉಳಿದಿಲ್ಲ.”

ಮಿಠಾಯಿಗಾರನ ಒಲೆ ಆರಿತು. ಅವನು ಮೂಟೆ ಹೊರುವ ಕೆಲಸಕ್ಕೆ ಸೇರಿದ. ಮರುವರ್ಷ ಮಗಳ ಮದುವೆಗೆ ಮಿಠಾಯಿ ವರ್ತಕನ ಅಂಗಡಿಯಿಂದ ಬಂತು. ಪಾಕ ಒಂದೆಳೆ ಹೆಚ್ಚಾಗಿತ್ತು. ಬೀಗರು ತಿಂದು ಚೆನ್ನಾಗಿದೆ ಎಂದು ಹೊಗಳಿದರು. ಅವನು ಹೌದೆಂದು ತಲೆಯಾಡಿಸಿ, ಕೈತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ಅತ್ತ.

ಗುರುಗಳು ಕತೆ ನಿಲ್ಲಿಸಿದರು. ಚಂದ್ರಮೌಳಿಗೆ ಸಂಕಟವಾಯಿತು, ಸಿಟ್ಟೂ ಬಂತು. “ಏನೂ ತಿಳಿಯದವನು ಮೋಸಹೋದರೆ ಒಪ್ಪಬಹುದು ಗುರುಗಳೇ. ಇವನಿಗೆ ಕಾನೂನಿನ ಅಕ್ಷರ ಅಕ್ಷರವೂ ಗೊತ್ತಿತ್ತಲ್ಲ!”

“ಹೌದು ಮಗು, ಅವನಿಗೆ ಕಾನೂನು ಗೊತ್ತಿತ್ತು, ವರ್ತಕನಿಗೆ ಅವನು ಗೊತ್ತಿದ್ದ.”